ಕೆಳಗಿನ ತಂತಿಯ ಎತ್ತರ

ಅಮೆರಿಕದ ಪಶ್ಚಿಮ ರಾಜ್ಯಗಳ ಹುಲ್ಲುಗಾವಲಿನಲ್ಲಿ ಬೇಲಿ ಎಂದರೆ ಬಹುತೇಕ ನಾಲ್ಕೈದು ಎಳೆ ಮುಳ್ಳುತಂತಿ. ಹದಿನಾರು ಅಡಿಗೊಂದು ಕಂಬ, ಕಂಬದಿಂದ ಕಂಬಕ್ಕೆ ಬಿಗಿದ ತಂತಿ, ತಂತಿ ಜೋಲದಂತೆ ನಡುನಡುವೆ ಎಳೆಗಳನ್ನು ಒಂದಕ್ಕೊಂದು ಹಿಡಿದಿಡುವ ಕಡ್ಡಿ. ವಯೋಮಿಂಗ್, ಮೊಂಟಾನಾ, ಯೂಟಾ, ಕೊಲರಾಡೊಗಳಲ್ಲಿ ಖಾಸಗಿ ಜಮೀನು, ಸರ್ಕಾರಿ ಮೇವಿನ ಭೂಮಿ, ಹೆದ್ದಾರಿಯ ಅಂಚು ಎಲ್ಲದಕ್ಕೂ ಹೆಚ್ಚುಕಡಿಮೆ ಇದೇ ಬೇಲಿ. ಒಬ್ಬರ ದನ ಇನ್ನೊಬ್ಬರ ಹುಲ್ಲಿಗೆ ಹೋಗಬಾರದು, ರಸ್ತೆಗೆ ಬರಬಾರದು ಎಂಬುದಷ್ಟೇ ಅದರ ಉದ್ದೇಶ. ನಾಗರಹೊಳೆಯ ಅಂಚಿನಲ್ಲಿ ಆನೆ ಊರಿಗಿಳಿಯದಂತೆ ನೆಟ್ಟ ರೈಲು ಹಳಿಯ ಬೇಲಿ ಕಾಡುಪ್ರಾಣಿಯನ್ನು ತಡೆಯಲೆಂದೇ ಹುಟ್ಟಿದ್ದು. ವಯೋಮಿಂಗ್‌ನ ದನದ ಬೇಲಿಗೆ ಅಂಥ ಇರಾದೆ ಇಲ್ಲ. ಆದರೂ ಅದು ತಡೆಯುತ್ತದೆ, ಕೊಲ್ಲುತ್ತದೆ. ದನವನ್ನು ನಿಲ್ಲಿಸಲು ಬೇಕಾದ ಅಳತೆ ಬೇರೆ, ಜಿಂಕೆ ದಾಟಲು ಬೇಕಾದ ಅಳತೆ ಬೇರೆ. ಎರಡರ ನಡುವೆ ಕೆಲವು ಇಂಚುಗಳ ಅವಕಾಶ ಇದೆ. ವನ್ಯಸ್ನೇಹಿ ಬೇಲಿಯ ವಿದ್ಯೆಯೆಲ್ಲ ಆ ಕೆಲವು ಇಂಚುಗಳದ್ದು.

ಮುಳ್ಳುತಂತಿಗೆ ಈಗ ಒಂದೂವರೆ ಶತಮಾನ. ಇಲಿನಾಯ್ ರಾಜ್ಯದ ಡಿಕಾಲ್ಬ್ ಊರಿನ ರೈತ ಜೋಸೆಫ್ ಗ್ಲಿಡನ್ 1874ರಲ್ಲಿ ತನ್ನ ಮಾದರಿಗೆ ಪೇಟೆಂಟ್ ಪಡೆದ. ಮರವೂ ಕಲ್ಲೂ ಅಪರೂಪವಾದ ಬಯಲಿನಲ್ಲಿ ಅಗ್ಗವಾಗಿ, ಬೇಗನೆ ಕಟ್ಟಬಹುದಾದ ಬೇಲಿಗೆ ಜನ ಕಾದಿದ್ದರು. ಹೊಸ ತಂತಿ ಕೆಲವೇ ವರ್ಷಗಳಲ್ಲಿ ಬಯಲನ್ನೆಲ್ಲ ಸುತ್ತಿಕೊಂಡಿತು. ಅದು ದೊಡ್ಡ ಪ್ರಮಾಣದಲ್ಲಿ ಬಲಿ ಪಡೆದ ಮೊದಲ ಪ್ರಾಣಿಗಳಲ್ಲಿ ದನಗಳೇ ಸೇರಿದ್ದವು. ಟೆಕ್ಸಾಸ್‌ನ ಉತ್ತರ ಭಾಗದ ದನಗಾರರು, ಚಳಿಗಾಲದಲ್ಲಿ ಬಡಗಣ ದಿಕ್ಕಿನಿಂದ ಪರರ ದನ ಇಳಿದು ಬಂದು ತಮ್ಮ ಹುಲ್ಲು ತಿಂದುಹಾಕುತ್ತವೆ ಎಂದು ಪೂರ್ವಪಶ್ಚಿಮವಾಗಿ ಉದ್ದನೆಯ ಬೇಲಿ ಎಳೆದಿದ್ದರು. 1885-86ರ ಹಿಮಗಾಳಿಯಲ್ಲಿ ಗಾಳಿಗೆ ಬೆನ್ನು ಕೊಟ್ಟು ದಕ್ಷಿಣಕ್ಕೆ ಸರಿಯುತ್ತಿದ್ದ ದನಗಳು ಆ ಬೇಲಿಗೆ ಬಂದು ನಿಂತವು. ಒಂದರ ಮೇಲೊಂದು ಬಿದ್ದು, ಹೆಪ್ಪುಗಟ್ಟಿ ಸತ್ತವು. ಚಳಿಗಾಲದಲ್ಲಿ ಸರಿದುಹೋಗಬೇಕಾದ ಪ್ರಾಣಿಗೆ ಅಡ್ಡಬೇಲಿ ಏನು ಮಾಡುತ್ತದೆ ಎಂಬುದು ಅಂದೇ ಎಲ್ಲರ ಕಣ್ಣೆದುರು ನಡೆದಿತ್ತು.

ಇಂದು ಆ ಬಯಲಿನಲ್ಲಿ ಸರಿದುಹೋಗುವ ಮುಖ್ಯ ಪ್ರಾಣಿಗಳು ಮೂರು: ಪ್ರಾಂಗ್‌ಹಾರ್ನ್, ಮ್ಯೂಲ್ ಜಿಂಕೆ ಮತ್ತು ಎಲ್ಕ್. ಮೂರೂ ಬೇಲಿಯನ್ನು ಬೇರೆ ಬೇರೆ ಬಗೆಯಲ್ಲಿ ಎದುರಿಸುತ್ತವೆ.

ಪ್ರಾಂಗ್‌ಹಾರ್ನ್‌ನದು ವಿಚಿತ್ರ ಪಾಡು. ಗಂಟೆಗೆ 80 ಕಿ.ಮೀ. ಮೀರಿ ಓಡಬಲ್ಲ ಈ ಪ್ರಾಣಿ ಉತ್ತರ ಅಮೆರಿಕದ ಅತಿ ವೇಗದ ಓಟಗಾರ. ನೋಟಕ್ಕೆ ಹುಲ್ಲೆಯಂತಿದ್ದರೂ ಹುಲ್ಲೆಗಳ ಕುಲಕ್ಕೆ ಸೇರಿದ್ದಲ್ಲ. ತನ್ನ ಕುಟುಂಬದಲ್ಲಿ ಉಳಿದಿರುವ ಏಕೈಕ ಪ್ರಭೇದ. ರಾಣೆಬೆನ್ನೂರಿನ ಬಯಲಿನಲ್ಲಿ ಕೃಷ್ಣಮೃಗ ಚಂಗನೆ ಆಳೆತ್ತರ ಚಿಮ್ಮುವುದನ್ನು ಕಂಡವರು ಪ್ರಾಂಗ್‌ಹಾರ್ನ್ ಕೂಡ ಮೂರೂವರೆ ಅಡಿಯ ಬೇಲಿಯನ್ನು ಲೀಲಾಜಾಲವಾಗಿ ಹಾರೀತು ಎಂದುಕೊಳ್ಳುವುದು ಸಹಜ. ಅದು ಹಾರುವುದು ತೀರ ಅಪರೂಪ. ಲಕ್ಷಾಂತರ ವರ್ಷ ಅಡ್ಡಿಯೇ ಇಲ್ಲದ ಬಯಲಿನಲ್ಲಿ ಬಾಳಿದ ಪ್ರಾಣಿಗೆ ಮೇಲಕ್ಕೆ ನೆಗೆಯುವ ರೂಢಿ ಬೆಳೆಯಲೇ ಇಲ್ಲ. ಬೇಲಿ ಎದುರಾದರೆ ನಿಲ್ಲುತ್ತದೆ, ಉದ್ದಕ್ಕೂ ಅತ್ತಿಂದಿತ್ತ ಓಡಾಡಿ ಸಂದು ಹುಡುಕುತ್ತದೆ, ಸಿಕ್ಕರೆ ಮುಂಗಾಲು ಮಡಚಿ ಕೆಳಗಿನ ತಂತಿಯಡಿ ನುಸುಳುತ್ತದೆ. ಆ ತಂತಿ ನೆಲದಿಂದ ಹತ್ತೋ ಹನ್ನೆರಡೋ ಇಂಚು ಮೇಲಿದ್ದರೆ ಮುಳ್ಳು ಬೆನ್ನನ್ನು ಗೀರುತ್ತದೆ. ಬೆನ್ನಿನ ಮೇಲೆ ಉದ್ದಕ್ಕೆ ಕೂದಲು ಕಿತ್ತುಹೋಗಿ ಬರಿ ಚರ್ಮ ಕಾಣುವ ಪ್ರಾಂಗ್‌ಹಾರ್ನ್‌ಗಳು ಮೊಂಟಾನಾದಲ್ಲೂ ಕೆನಡಾದ ಆಲ್ಬರ್ಟಾದಲ್ಲೂ ಸಾಮಾನ್ಯ. ಸೊನ್ನೆಗಿಂತ ಬಹಳ ಕೆಳಗಿಳಿಯುವ ಅಲ್ಲಿನ ಚಳಿಯಲ್ಲಿ ಅದು ಸಣ್ಣ ಗಾಯವಲ್ಲ. ಹಿಮ ಎರಡಡಿ ಬಿದ್ದರಂತೂ ನುಸುಳುವ ಸಂದೇ ಮುಚ್ಚಿಹೋಗುತ್ತದೆ.

ಮ್ಯೂಲ್ ಜಿಂಕೆ ಮತ್ತು ಎಲ್ಕ್ ಹಾರುತ್ತವೆ. ಅವುಗಳಿಗೆ ಅಪಾಯ ಇರುವುದು ಮೇಲಿನ ಎರಡು ಎಳೆಗಳಲ್ಲಿ. ಜಿಂಕೆ ಹಾರುವಾಗ ಮುಂಗಾಲು ದಾಟಿದ ಮೇಲೆ ಹಿಂಗಾಲುಗಳು ಹೊಟ್ಟೆಯಡಿ ಮಡಚಿ ಮುಂದಕ್ಕೆ ಚಾಚಿರುತ್ತವೆ. ನೆಗೆತ ಎರಡು ಇಂಚು ಕಡಿಮೆಯಾದರೂ ಹಿಂಗಾಲಿನ ಪಾದ ಮೇಲಿನ ತಂತಿಯ ಕೆಳಗೆ, ಎರಡನೆಯ ತಂತಿಯ ಮೇಲೆ ತೂರುತ್ತದೆ. ದೇಹದ ಭಾರ ಆಚೆಗೆ ಬೀಳುತ್ತಿದ್ದಂತೆ ಎರಡೂ ಎಳೆ ಕಾಲಿನ ಸುತ್ತ ಹೊರಳಿ ತಿರುಚಿಕೊಳ್ಳುತ್ತವೆ. ಪ್ರಾಣಿ ತಲೆಕೆಳಗಾಗಿ ನೇತಾಡುತ್ತದೆ; ಒದ್ದಾಡಿದಷ್ಟೂ ಬಿಗಿ ಹೆಚ್ಚು. ಬೇಲಿಯಲ್ಲಿ ಸತ್ತ ಜಿಂಕೆಗಳು ಹೆಚ್ಚಾಗಿ ಸಿಗುವುದು ಇದೇ ಭಂಗಿಯಲ್ಲಿ. ಎರಡು ಎಳೆಗಳ ಅಂತರ ಕಡಿಮೆಯಿದ್ದಷ್ಟೂ, ತಂತಿ ಸಡಿಲವಿದ್ದಷ್ಟೂ ಕಾಲು ಸಿಲುಕುವುದು ಸುಲಭ.

ಯೂಟಾ ಮತ್ತು ಕೊಲರಾಡೊದಲ್ಲಿ ಬೇಲಿಯುದ್ದಕ್ಕೂ ಕಳೇಬರ ಎಣಿಸಿ 2006ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಈ ವಿಷಯದಲ್ಲಿ ಇಂದಿಗೂ ಆಧಾರ. ಸರಾಸರಿ ಪ್ರತಿ ಎರಡೂವರೆ ಮೈಲಿ, ಅಂದರೆ ಸುಮಾರು ನಾಲ್ಕು ಕಿ.ಮೀ. ಬೇಲಿಗೆ ವರ್ಷಕ್ಕೊಂದು ಪ್ರಾಣಿ ತಂತಿಗೆ ಸಿಲುಕಿ ಸತ್ತಿತ್ತು. ಮರಿಗಳು ಸಾಯುವ ಸಂಭವ ದೊಡ್ಡವುಗಳಿಗಿಂತ ಎಂಟು ಪಟ್ಟು. ಎಲ್ಲಕ್ಕಿಂತ ಮಾರಕವಾಗಿ ಕಂಡದ್ದು ಕೆಳಗೆ ಹೆಣೆದ ಜಾಲರಿ, ಅದರ ಮೇಲೊಂದೇ ಎಳೆ ಮುಳ್ಳುತಂತಿ ಇರುವ ಬೇಲಿ. ಅದು ಕುರಿಗಾಗಿ ಹಾಕುವ ಬೇಲಿ. ಜಾಲರಿ ನುಸುಳಲು ಬಿಡದು, ಜಾಲರಿಗೂ ತಂತಿಗೂ ನಡುವಿನ ಸಂದು ಕಾಲನ್ನು ಹಿಡಿಯುತ್ತದೆ. ಇನ್ನೊಂದು ಸಂಗತಿ ಮನಸ್ಸಿಗೆ ಹೆಚ್ಚು ನಾಟುವಂಥದ್ದು. ತಂತಿಗೆ ಸಿಲುಕದೆ, ಬೇಲಿಯ ಪಕ್ಕದಲ್ಲೇ ಸತ್ತು ಬಿದ್ದಿದ್ದ ಪ್ರಾಣಿಗಳು ಸಿಲುಕಿದವುಗಳ ಎರಡು ಪಟ್ಟು ಇದ್ದವು. ಅವುಗಳಲ್ಲಿ ನೂರಕ್ಕೆ ತೊಂಬತ್ತು ಮರಿಗಳು. ತಾಯಿ ಹಾರಿ ಹೋಗಿದೆ, ಮರಿಗೆ ದಾಟಲಾಗಿಲ್ಲ.

ಸಾವು ಲೆಕ್ಕಕ್ಕೆ ಸಿಗುತ್ತದೆ. ಲೆಕ್ಕಕ್ಕೆ ಸಿಗದ ನಷ್ಟ ಅಲೆದಾಟದ್ದು. ಕೊರಳಿಗೆ ಜಿಪಿಎಸ್ ಪಟ್ಟಿ ಕಟ್ಟಿ ಪ್ರಾಣಿಗಳ ಜಾಡು ಹಿಡಿಯಲು ಆರಂಭಿಸಿದ ಮೇಲಷ್ಟೇ ಅದರ ಪ್ರಮಾಣ ತಿಳಿಯಿತು. ವಯೋಮಿಂಗ್‌ನ ಪಶ್ಚಿಮ ಭಾಗದಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಒಂದು ಮ್ಯೂಲ್ ಜಿಂಕೆ ವರ್ಷಕ್ಕೆ ಸುಮಾರು 120 ಬಾರಿ, ಒಂದು ಪ್ರಾಂಗ್‌ಹಾರ್ನ್ ಸುಮಾರು 250 ಬಾರಿ ಬೇಲಿಗೆ ಎದುರಾಗುತ್ತದೆ. ನೂರರಲ್ಲಿ ಸುಮಾರು ನಲವತ್ತು ಸಲ ಪ್ರಾಣಿಯ ನಡೆ ಬದಲಾಗಿತ್ತು: ಬಂದ ದಾರಿಗೆ ಹಿಂದಿರುಗುವುದು, ಬೇಲಿಗುಂಟ ಓಡುವುದು, ಇಲ್ಲವೇ ಬೇಲಿಗಳ ನಡುವಿನ ಮೂಲೆಯೊಂದರಲ್ಲಿ ಸಿಕ್ಕಿ ಸುತ್ತುವುದು. ವಸಂತದಲ್ಲಿ ಈ ಪ್ರಾಣಿಗಳು ಬೆಟ್ಟದತ್ತ ಏರುವುದು ಎಳೆ ಹುಲ್ಲಿನ ಬೆನ್ನು ಹಿಡಿದು. ಹಿಮ ಕರಗಿದಂತೆ ಚಿಗುರು ತಪ್ಪಲಿನಿಂದ ಮೇಲಕ್ಕೆ ಸಾಗುತ್ತದೆ, ಹಿಂಡೂ ಅದರ ಜೊತೆ ಸಾಗುತ್ತದೆ. ಚಳಿಗಾಲವಿಡೀ ಮೈಯ ಕೊಬ್ಬು ಕರಗಿಸಿಕೊಂಡ ಗಬ್ಬದ ಹೆಣ್ಣಿಗೆ ಬೇಲಿಯ ಮುಂದೆ ಕಳೆದ ಎರಡು ದಿನ ದುಬಾರಿ.

ದಾರಿಯೂ ಚಿಕ್ಕದಲ್ಲ. ಗ್ರ್ಯಾಂಡ್ ಟೀಟನ್ ರಾಷ್ಟ್ರೀಯ ಉದ್ಯಾನದಲ್ಲಿ ಬೇಸಿಗೆ ಕಳೆಯುವ ಪ್ರಾಂಗ್‌ಹಾರ್ನ್‌ಗಳು ಚಳಿಗಾಲಕ್ಕೆ ಗ್ರೀನ್ ನದಿಯ ಕಣಿವೆಗೆ ಇಳಿಯುತ್ತವೆ. ಒಂದು ಬದಿಗೇ ಸುಮಾರು 240 ಕಿ.ಮೀ. ಈ ದಾರಿಯ ಒಂದು ಭಾಗವನ್ನು 2008ರಲ್ಲಿ ಬ್ರಿಡ್ಜರ್-ಟೀಟನ್ ರಾಷ್ಟ್ರೀಯ ಅರಣ್ಯವು ವಲಸೆ ದಾರಿಯೆಂದು ಅಧಿಕೃತವಾಗಿ ಘೋಷಿಸಿತು. ಅಮೆರಿಕದ ಒಕ್ಕೂಟ ಸರ್ಕಾರದ ಮಟ್ಟದಲ್ಲಿ ಹೀಗೆ ಗುರುತಿಸಿದ ಮೊದಲ ವಲಸೆ ದಾರಿ ಅದು. ಪೈನ್‌ಡೇಲ್ ಊರಿನ ಬಳಿ ಎರಡು ನದಿಗಳ ನಡುವೆ ದಾರಿ ಕಿರಿದಾಗುವ ಟ್ರ್ಯಾಪರ್ಸ್ ಪಾಯಿಂಟ್ ಎಂಬಲ್ಲಿ ಸುಮಾರು ಆರು ಸಾವಿರ ವರ್ಷ ಹಳೆಯ ಪ್ರಾಂಗ್‌ಹಾರ್ನ್ ಮೂಳೆಗಳು ಉತ್ಖನನದಲ್ಲಿ ಸಿಕ್ಕಿವೆ. ಅಂದಿನ ಬೇಟೆಗಾರರೂ ಅಲ್ಲೇ ಕಾಯುತ್ತಿದ್ದರು. ಅದೇ ಜಾಗದಲ್ಲಿ ಹೆದ್ದಾರಿ ಹಾಯುತ್ತದೆ. 2012ರಲ್ಲಿ ಅಲ್ಲಿ ಪ್ರಾಣಿಗಳಿಗಾಗಿಯೇ ಮೇಲ್ಸೇತುವೆ, ಕೆಳದಾರಿಗಳನ್ನು ಕಟ್ಟಿ, ಹೆದ್ದಾರಿಗುಂಟ ಎಂಟಡಿ ಎತ್ತರದ ಬೇಲಿ ಹಾಕಿ ಹಿಂಡನ್ನು ಸೇತುವೆಯತ್ತ ತಿರುಗಿಸಲಾಯಿತು. ಈ ಒಂದು ಕಡೆ ಬೇಲಿಯೇ ರಕ್ಷಕ. ಆದರೆ ಇಂಥ ಸೇತುವೆಯ ಚಿತ್ರಗಳು ಪತ್ರಿಕೆಗಳಲ್ಲಿ ಬರುವಷ್ಟು ಸಲ ಕೆಳಗಿನ ತಂತಿಯನ್ನು ನಾಲ್ಕು ಇಂಚು ಏರಿಸಿದ ಸುದ್ದಿ ಬರುವುದಿಲ್ಲ. ಸೇತುವೆಗೆ ಮುಟ್ಟುವ ಮುನ್ನ, ಮುಟ್ಟಿದ ನಂತರ ಆ ಹಿಂಡು ಹತ್ತಾರು ಸಾಧಾರಣ ಬೇಲಿಗಳನ್ನು ದಾಟಲೇಬೇಕು.

ಬೇಲಿ ಪೂರ್ತಿ ಮುಚ್ಚಿದರೆ ಏನಾಗುತ್ತದೆ ಎಂಬುದಕ್ಕೆ ವಯೋಮಿಂಗ್‌ನ ರಾಲಿನ್ಸ್ ಬಳಿಯ ರೆಡ್ ರಿಮ್ ಪ್ರಕರಣ ಸಾಕ್ಷಿ. ಅಲ್ಲಿನ ಭೂಮಿ ಚದುರಂಗದ ಹಾಸಿನಂತೆ ಹಂಚಿಕೆಯಾಗಿದೆ. ರೈಲು ಕಂಪನಿಗೆ ಹತ್ತೊಂಬತ್ತನೆಯ ಶತಮಾನದಲ್ಲಿ ಒಂದು ಬಿಟ್ಟು ಒಂದರಂತೆ ಚದರ ಮೈಲಿಗಳನ್ನು ಕೊಟ್ಟಿದ್ದರ ಫಲ ಅದು. ಒಂದು ಚೌಕ ಖಾಸಗಿ, ಪಕ್ಕದ್ದು ಸರ್ಕಾರಿ. 1983ರಲ್ಲಿ ಒಬ್ಬ ದನಗಾರ ತನ್ನ ಚೌಕಗಳ ಅಂಚಿನಲ್ಲೇ ಸಾಗುವಂತೆ ಸುಮಾರು 45 ಕಿ.ಮೀ. ಜಾಲರಿ ಬೇಲಿ ಹಾಕಿಸಿದ. ಅದರೊಳಗೆ 9,600 ಎಕರೆ ಸರ್ಕಾರಿ ಭೂಮಿಯೂ ಸಿಕ್ಕಿಕೊಂಡಿತು. ಗಾಳಿ ಹಿಮವನ್ನು ಹಾರಿಸಿಬಿಡುವುದರಿಂದ ಚಳಿಗಾಲದಲ್ಲೂ ಸೇಜ್ ಗಿಡ ತಿನ್ನಲು ಸಿಗುತ್ತಿದ್ದ ಜಾಗ ಅದು. ಪ್ರಾಂಗ್‌ಹಾರ್ನ್‌ಗಳಿಗೆ ಕಷ್ಟಕಾಲದ ಆಸರೆ. ಆ ಚಳಿಗಾಲದಲ್ಲಿ ಬೇಲಿಯ ಹೊರಗೆ ಗುಂಪುಗುಂಪಾಗಿ ನಿಂತ ಪ್ರಾಣಿಗಳು ಹಸಿವಿನಿಂದ ಸತ್ತವು. ವಿಷಯ ಕೋರ್ಟಿಗೆ ಹೋಯಿತು. ಸರ್ಕಾರಿ ಭೂಮಿಯನ್ನು ಅಕ್ರಮವಾಗಿ ಬೇಲಿಯೊಳಗೆ ಹಾಕಿಕೊಳ್ಳುವುದನ್ನು ನಿಷೇಧಿಸುವ 1885ರ ಕಾಯ್ದೆಯೊಂದು ಇತ್ತು. ದೊಡ್ಡ ದನಗಾರರು ಸಣ್ಣ ರೈತರನ್ನು ಹೊರಗಿಡುವುದನ್ನು ತಡೆಯಲು ಮಾಡಿದ್ದು. ಆ ಕಾಯ್ದೆ ಮನುಷ್ಯರಿಗಷ್ಟೇ ಸಂಬಂಧಿಸಿದ್ದು ಎಂದು ಮಾಲೀಕ ವಾದಿಸಿದ. ಸರ್ಕಾರಿ ಭೂಮಿಯಲ್ಲಿ ವನ್ಯಪ್ರಾಣಿ ಮೇಯುವುದೂ ಕಾನೂನುಬದ್ಧ ಬಳಕೆಯೇ ಎಂದು ಕೆಳಗಿನ ನ್ಯಾಯಾಲಯ ಹೇಳಿತು, 1988ರಲ್ಲಿ ಹತ್ತನೆಯ ವಲಯದ ಮೇಲ್ಮನವಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಬೇಲಿಯನ್ನು ಪ್ರಾಣಿ ದಾಟುವಂತೆ ಬದಲಿಸಬೇಕು, ಇಲ್ಲವೇ ತೆಗೆಯಬೇಕು ಎಂಬ ಆದೇಶ ನಿಂತಿತು. ಬೇಲಿಗೆ ಅಪರೂಪಕ್ಕೆ ಕಾನೂನು ಬೇಕಾಗುತ್ತದೆ. ಉಳಿದಂತೆ ಬೇಕಾಗುವುದು ಇಕ್ಕಳ, ಸುತ್ತಿಗೆ, ಅಳತೆ ಟೇಪು.

ಬೇಲಿ ಬದಲಿಸುವ ಮುನ್ನ ಕೇಳಬೇಕಾದ್ದು, ಅದು ಬೇಕೇ ಎಂಬುದು. ಪಶ್ಚಿಮದ ಬಯಲಿನಲ್ಲಿ ಕುರಿ ಸಾಕಣೆ ಇಳಿದು ದಶಕಗಳಾದವು. ಕುರಿಯ ಜಾಲರಿ ಬೇಲಿಗಳು ಮಾತ್ರ ಉಳಿದಿವೆ. ಮಾಲೀಕತ್ವ ಬದಲಾಗಿ ಎರಡು ಹೊಲ ಒಂದಾದ ಮೇಲೂ ನಡುವಿನ ಬೇಲಿ ತುಕ್ಕು ಹಿಡಿಯುತ್ತ ನಿಂತಿರುತ್ತದೆ. ಇವುಗಳನ್ನು ಬಿಚ್ಚಿ ಸುರುಳಿ ಸುತ್ತಿ ಸಾಗಿಸುವುದೇ ಮೊದಲ ಪರಿಹಾರ, ಅತ್ಯುತ್ತಮವಾದದ್ದೂ ಅದೇ. ಜ್ಯಾಕ್ಸನ್ ಹೋಲ್ ವನ್ಯಜೀವಿ ಪ್ರತಿಷ್ಠಾನದ ಸ್ವಯಂಸೇವಕರು 1996ರಿಂದ ಈ ಕೆಲಸ ಮಾಡುತ್ತಿದ್ದಾರೆ. ಬಿಚ್ಚಿದ ತಂತಿಯನ್ನು ಅಲ್ಲೇ ಬಿಟ್ಟರೆ ಹುಲ್ಲಿನಡಿ ಉರುಳಾಗುತ್ತದೆ. ಆದ್ದರಿಂದ ಕೊನೆಯ ತುಂಡೂ ಲಾರಿ ಏರಬೇಕು. ಬೇಲಿ ತೆಗೆದರೆ ಪ್ರಾಣಿ ಮರಳುವುದೇ ಎಂಬ ಸಂದೇಹಕ್ಕೆ ಆಫ್ರಿಕಾದಿಂದ ಉತ್ತರವಿದೆ. ಬೋಟ್ಸ್ವಾನಾದಲ್ಲಿ ದನಗಳಿಗೆ ಕಾಡಿನ ರೋಗ ಹರಡದಂತೆ 1968ರಲ್ಲಿ ಹಾಕಿದ ಬೇಲಿಯೊಂದು ಒಕವಾಂಗೊ ಮತ್ತು ಮಕ್ಗಡಿಕ್ಗಡಿ ನಡುವಿನ ಜೀಬ್ರಾಗಳ ಹಾದಿಯನ್ನು ಕಡಿದಿತ್ತು. 2004ರಲ್ಲಿ ಅದನ್ನು ತೆಗೆದರು. ಹಳೆಯ ಹಾದಿ ನೆನಪಿರುವ ಒಂದು ಜೀಬ್ರಾವೂ ಆಗ ಬದುಕಿರಲು ಸಾಧ್ಯವಿರಲಿಲ್ಲ. ಆದರೂ ಐದು ವರ್ಷ ತುಂಬುವುದರೊಳಗೆ ಜೀಬ್ರಾಗಳು ಆ ಹಾದಿಯಲ್ಲಿ ಸಾಗುತ್ತಿರುವುದು ಜಿಪಿಎಸ್ ಪಟ್ಟಿಗಳಿಂದ ತಿಳಿಯಿತು.

ಇರಲೇಬೇಕಾದ ಬೇಲಿಗೆ ಅಳತೆಯೇ ಮುಖ್ಯ. ಮೊಂಟಾನಾ ರಾಜ್ಯದ ಮೀನು, ವನ್ಯಜೀವಿ ಮತ್ತು ಉದ್ಯಾನ ಇಲಾಖೆ 2008ರಲ್ಲಿ ಜಮೀನು ಮಾಲೀಕರಿಗಾಗಿ ಹೊರತಂದ ಕೈಪಿಡಿ ಈ ಅಳತೆಗಳನ್ನು ಜನಪ್ರಿಯಗೊಳಿಸಿತು. ಕೆಳಗಿನ ಎಳೆ ನೆಲದಿಂದ ಕನಿಷ್ಠ 16 ಇಂಚು, ಸಾಧ್ಯವಾದರೆ 18 ಇಂಚು ಮೇಲಿರಬೇಕು ಮತ್ತು ಅದು ಮುಳ್ಳಿಲ್ಲದ ಸಾದಾ ತಂತಿಯಾಗಿರಬೇಕು. ಮೇಲಿನ ಎಳೆ 40 ಇಂಚು ದಾಟಬಾರದು, ಹೆಚ್ಚೆಂದರೆ 42. ಮೇಲಿನ ಎರಡು ಎಳೆಗಳ ನಡುವೆ 12 ಇಂಚು ಅಂತರ ಇರಲೇಬೇಕು; ಇದ್ದರೆ ಸಿಲುಕಿದ ಕಾಲು ತಿರುಚಿಕೊಳ್ಳದೆ ಜಾರಿ ಬರುವ ಸಾಧ್ಯತೆ ಹೆಚ್ಚು. ತಂತಿ ಬಿಗಿಯಾಗಿರಬೇಕು. ಎಳೆಗಳನ್ನು ಜೋಡಿಸುವ ಕಡ್ಡಿ ಇಲ್ಲದಿದ್ದರೆ ಒಳ್ಳೆಯದು. ಮುಳ್ಳು ನಡುವಿನ ಎಳೆಗಳಲ್ಲಿ ಉಳಿದರೆ ಸಾಕು, ಏಕೆಂದರೆ ದನ ಬೇಲಿಗೆ ಒತ್ತುವುದು ಎದೆ ಮತ್ತು ಕತ್ತಿನ ಮಟ್ಟದಲ್ಲಿ. ಕರು ಕೆಳಗಿನಿಂದ ನುಸುಳೀತೆಂಬ ಭಯ ಮಾಲೀಕರಿಗೆ ಇರುತ್ತದೆ. ಕರು ಹಾಕುವ ಹೊಲವೊಂದನ್ನು ಬಿಟ್ಟು ಉಳಿದೆಡೆ ಇದು ದೊಡ್ಡ ತೊಡಕಲ್ಲ. ಕುರಿ ಇರುವಲ್ಲಿ ಮಾತು ಬೇರೆ: ಪ್ರಾಂಗ್‌ಹಾರ್ನ್ ನುಸುಳುವ ಸಂದಿನಲ್ಲಿ ಕುರಿಯೂ ನುಸುಳುತ್ತದೆ. ಅಲ್ಲಿ ಉಳಿಯುವ ದಾರಿ ಗೇಟು. ಮಂದೆ ಇಲ್ಲದ ತಿಂಗಳುಗಳಲ್ಲಿ ಗೇಟು ತೆರೆದಿಟ್ಟರೆ, ಅದರಲ್ಲೂ ಪ್ರಾಂಗ್‌ಹಾರ್ನ್ ಬಂದು ನಿಲ್ಲುವ ಮೂಲೆಗಳಲ್ಲಿ, ಬಿಡಿಗಾಸಿನ ಖರ್ಚಿಲ್ಲ.

ಹೊಸ ಬೇಲಿ ಹಾಕುವಷ್ಟು ಹಣವಿಲ್ಲದವರಿಗೆ ಇನ್ನೂ ಸುಲಭದ ಉಪಾಯವಿದೆ. ಕೆಳಗಿನ ಮುಳ್ಳೆಳೆಯನ್ನು ಎತ್ತಿ ಅದರ ಮೇಲಿನ ಎಳೆಗೆ ಕ್ಲಿಪ್ ಹಾಕಿ ಸಿಕ್ಕಿಸುವುದು. ಎರಡು ಕಂಬದ ನಡುವೆ ಅಷ್ಟು ಮಾಡಿದರೆ ಅಲ್ಲೊಂದು ಕಿಂಡಿ ತೆರೆಯುತ್ತದೆ. ಮೊಂಟಾನಾ ಮತ್ತು ಆಲ್ಬರ್ಟಾದಲ್ಲಿ ಪ್ರಾಂಗ್‌ಹಾರ್ನ್‌ಗಳ ಮೇಲೆ ಈ ಬಗೆಯ ಮಾರ್ಪಾಡುಗಳನ್ನು ಪರೀಕ್ಷಿಸಲಾಯಿತು. ಫಲಿತಾಂಶ ಬಂದದ್ದು 2018ರಲ್ಲಿ. ಸಾದಾ ತಂತಿಯೂ ಕ್ಲಿಪ್ಪೂ ಕೆಲಸ ಮಾಡಿದವು. ಅದುವರೆಗೆ ಬಹಳ ಜನ ಶಿಫಾರಸು ಮಾಡುತ್ತಿದ್ದದ್ದು ಕೆಳಗಿನ ತಂತಿಗೆ ಪಿವಿಸಿ ಪೈಪ್ ತೊಡಿಸುವ ಉಪಾಯ: ಮುಳ್ಳು ಮುಚ್ಚಿಹೋಗುತ್ತದೆ, ಬೆನ್ನು ಗೀರುವುದಿಲ್ಲ ಎಂಬುದು ತರ್ಕ. ಮನುಷ್ಯನ ಕಣ್ಣಿಗೆ ಅದು ಸುಂದರ ಪರಿಹಾರ. ಪ್ರಾಂಗ್‌ಹಾರ್ನ್ ಅದನ್ನು ಹೆಚ್ಚುಕಡಿಮೆ ತಿರಸ್ಕರಿಸಿತು, ಪೈಪಿನಡಿ ನುಸುಳುವುದನ್ನು ತಪ್ಪಿಸಿತು. ಪರೀಕ್ಷಿಸದೆ ಊರೂರಿಗೆ ಪೈಪ್ ಹಂಚಿದ್ದರೆ ಒಳ್ಳೆಯ ಮನಸ್ಸಿನಿಂದಲೇ ಇನ್ನೊಂದು ಅಡ್ಡಿ ನಿರ್ಮಾಣವಾಗುತ್ತಿತ್ತು. ಅದೇ ಪೈಪ್ ಮೇಲಿನ ಎಳೆಯ ಮೇಲೆ ಮಾತ್ರ ಜಿಂಕೆ, ಎಲ್ಕ್‌ಗಳಿಗೆ ಉಪಯುಕ್ತ. ತಂತಿ ಕಣ್ಣಿಗೆ ಬೀಳುತ್ತದೆ, ಹೊಟ್ಟೆಗೆ ಮುಳ್ಳು ತಗುಲುವುದಿಲ್ಲ.

ಚಳಿಗಾಲದಲ್ಲಿ ದನ ಇರದ ಎತ್ತರದ ಹುಲ್ಲುಗಾವಲಿಗೆ ಮಲಗಿಸುವ ಬೇಲಿ ಸೂಕ್ತ. ಎಳೆಗಳನ್ನೆಲ್ಲ ಒಂದು ಕೋಲಿಗೆ ಕಟ್ಟಿ, ಆ ಕೋಲನ್ನು ಕಂಬಕ್ಕೆ ಕುಣಿಕೆಯಿಂದ ಸಿಕ್ಕಿಸಿರುತ್ತಾರೆ. ಕುಣಿಕೆ ಬಿಚ್ಚಿದರೆ ಇಡೀ ಬೇಲಿ ನೆಲಕ್ಕೆ ಒರಗುತ್ತದೆ. ಕೂಲಿ ಖರ್ಚಿದೆ, ಆದರೆ ಉಳಿತಾಯವೂ ಇದೆ. ನಿಂತ ಬೇಲಿಯ ಮೇಲೆ ಹಿಮ ಕುಳಿತು ತಂತಿ ಹರಿಯುವುದು, ಎಲ್ಕ್ ಹಿಂಡು ನುಗ್ಗಿ ಕಂಬ ಮುರಿಯುವುದು ಪ್ರತಿ ವಸಂತದ ದುರಸ್ತಿಯ ಮುಖ್ಯ ಕಾರಣಗಳು. ಪ್ರಾಣಿ ಸುಲಭವಾಗಿ ದಾಟುವ ಬೇಲಿ ಕಡಿಮೆ ಮುರಿಯುತ್ತದೆ. ಮಾಲೀಕರನ್ನು ಒಪ್ಪಿಸುವುದರಲ್ಲಿ ವನ್ಯಪ್ರೀತಿಯ ಮಾತಿಗಿಂತ ಈ ಲೆಕ್ಕವೇ ಹೆಚ್ಚು ಫಲ ಕೊಟ್ಟಿದೆ.

ನೆಲದ ಪ್ರಾಣಿಗಳ ಜೊತೆ ಒಂದು ಹಕ್ಕಿಯನ್ನೂ ಹೇಳಬೇಕು. ಸೇಜ್ ಗ್ರೌಸ್ ಎಂಬ ದಪ್ಪ ಮೈಯ ನೆಲಹಕ್ಕಿ ವಸಂತದಲ್ಲಿ ಬೆಳಕು ಹರಿಯುವ ಮುನ್ನವೇ ಕುಣಿತದ ಬಯಲಿಗೆ ತಗ್ಗಿನಲ್ಲಿ ಹಾರಿ ಬರುತ್ತದೆ. ಕತ್ತಲಲ್ಲಿ ತಂತಿ ಕಾಣದೆ ಬಡಿದು ಸಾಯುತ್ತದೆ. ಇದಕ್ಕೆ ಮದ್ದು ಮನೆಗೋಡೆಗೆ ಹೊದಿಸುವ ವಿನೈಲ್ ಪಟ್ಟಿಯ ಮೂರು ಇಂಚಿನ ತುಂಡುಗಳು. ಹೊಳೆಯುವ ಟೇಪು ಅಂಟಿಸಿ ಮೇಲಿನ ತಂತಿಗೆ ಸಿಕ್ಕಿಸಿದರೆ ಆಯಿತು. ಐಡಹೊದಲ್ಲಿ ನಡೆದ ಪ್ರಯೋಗದಲ್ಲಿ ಕುಣಿತದ ಬಯಲಿನ ಬಳಿ ಗುರುತು ಹಾಕಿದ ಬೇಲಿಗೆ ಹಕ್ಕಿ ಬಡಿಯುವುದು ಶೇ. 83ರಷ್ಟು ಕಡಿಮೆಯಾಯಿತು.

ಬೇಲಿಯನ್ನೇ ಕಣ್ಮರೆ ಮಾಡುವ ಪ್ರಯತ್ನವೂ ನಡೆದಿದೆ. ದನದ ಕೊರಳಿಗೆ ಜಿಪಿಎಸ್ ಪಟ್ಟಿ ಕಟ್ಟಿ, ಗಡಿಯನ್ನು ಮೊಬೈಲ್ ಅಥವಾ ಕಂಪ್ಯೂಟರಿನಲ್ಲಿ ಎಳೆಯುತ್ತಾರೆ. ದನ ಗಡಿ ಸಮೀಪಿಸಿದರೆ ಪಟ್ಟಿ ಸದ್ದು ಮಾಡುತ್ತದೆ. ಮುಂದುವರಿದರೆ ಸಣ್ಣ ವಿದ್ಯುತ್ ಏಟು. ಕೆಲವೇ ದಿನಗಳಲ್ಲಿ ಹೆಚ್ಚಿನ ದನಗಳು ಸದ್ದಿಗೇ ತಿರುಗಲು ಕಲಿಯುತ್ತವೆ. ನಾರ್ವೆಯ ನೋಫೆನ್ಸ್, ಅಮೆರಿಕದ ವೆನ್ಸ್ ಕಂಪನಿಗಳು ಇದನ್ನು ಮಾರುತ್ತಿವೆ. ಜಿಂಕೆಗೆ ಈ ಗಡಿ ಇಲ್ಲವೇ ಇಲ್ಲ. ಸಿಗ್ನಲ್ ಸಿಗದ ಕಣಿವೆ, ಬ್ಯಾಟರಿ, ಪಟ್ಟಿಯ ಬೆಲೆ ಇವು ತೊಡಕುಗಳು. ಇದರಿಂದ ಒಳಗಿನ ಅಡ್ಡಬೇಲಿಗಳು ಹೋಗಬಹುದು. ರಸ್ತೆಯ ಅಂಚು ಮತ್ತು ನೆರೆಯವರ ಗಡಿಗೆ ತಂತಿಯನ್ನು ಬಿಡಲು ಸದ್ಯಕ್ಕೆ ಯಾರೂ ತಯಾರಿಲ್ಲ.

ಆದ್ದರಿಂದ ಉಳಿಯುವ ಪ್ರಶ್ನೆ ಯಾವ ಬೇಲಿಗೆ ಮೊದಲು ಕೈ ಹಾಕುವುದು ಎಂಬುದು. ಎಲ್ಲವನ್ನೂ ಬದಲಿಸಲು ಹಣವೂ ಇಲ್ಲ, ಆಳೂ ಇಲ್ಲ. ರಸ್ತೆಗೆ, ನದಿಗೆ ಇರುವಂತೆ ಬೇಲಿಗೆ ಒಳ್ಳೆಯ ನಕ್ಷೆಯೂ ಇಲ್ಲ. ಬಹಳ ಕಡೆ ಜನರೇ ಬೇಲಿಗುಂಟ ನಡೆದು ಕಂಬ, ಎಳೆ, ಎತ್ತರಗಳನ್ನು ದಾಖಲಿಸಬೇಕಾಗುತ್ತದೆ. ಆ ನಕ್ಷೆಯ ಮೇಲೆ ಪ್ರಾಣಿಗಳ ಜಿಪಿಎಸ್ ಜಾಡನ್ನು ಹಾಸಿದರೆ, ಹಿಂಡು ಎಲ್ಲಿ ದಾಟದೆ ಅತ್ತಿಂದಿತ್ತ ಅಲೆದಿದೆಯೋ ಅಲ್ಲಿ ಗೆರೆಗಳು ಗೋಜಲಾಗಿ ಕಾಣುತ್ತವೆ. 2018ರಲ್ಲಿ ಅಮೆರಿಕದ ಆಂತರಿಕ ಇಲಾಖೆಯೂ 2020ರಲ್ಲಿ ವಯೋಮಿಂಗ್ ರಾಜ್ಯಪಾಲರೂ ವಲಸೆ ದಾರಿಗಳ ಕುರಿತು ಹೊರಡಿಸಿದ ಆದೇಶಗಳ ನಂತರ ಈ ಬಗೆಯ ಕೆಲಸಕ್ಕೆ ಚಾಲನೆ ಸಿಕ್ಕಿತು. ಗೋಜಲು ಕಂಡ ಕಡೆ ಸ್ವಯಂಸೇವಕರು ಹೋಗುತ್ತಾರೆ, ಮಾಲೀಕರ ಒಪ್ಪಿಗೆ ಪಡೆಯುತ್ತಾರೆ, ಕೆಳಗಿನ ಮುಳ್ಳೆಳೆ ಬಿಚ್ಚಿ 18 ಇಂಚಿಗೆ ಸಾದಾ ತಂತಿ ಎಳೆದು ಮುಂದಿನ ಕಂಬಕ್ಕೆ ಸಾಗುತ್ತಾರೆ.